ಹದಿನೈದು ಸಾವಿರ ರೂಪಾಯಿ, ದೀಪಾವಳಿಗೆ ಮೊದಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಲಾ ಮತ್ತು ಮಾನವಿಕ ವಿಭಾಗಗಳ ಸ್ನಾತಕೋತ್ತರ ಹಾಗೂ ಪಿಎಚ್.ಡಿ. ವಿದ್ಯಾರ್ಥಿಗಳ ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು, ಕರ್ನಾಟಕ ಸರ್ಕಾರ
ಕುಲಪತಿಗಳು, ಕುವೆಂಪು ವಿಶ್ವವಿದ್ಯಾಲಯ, ಶಂಕರಘಟ್ಟ
ಮಾನ್ಯ ಶಾಸಕರು, ಶೃಂಗೇರಿ ವಿಧಾನಸಭಾ ಕ್ಷೇತ್ರ
ಮೂರೂ ತಾಲ್ಲೂಕುಗಳ ಸಹಕಾರ ಸಂಘಗಳ ಆಡಳಿತ ಮಂಡಳಿಗಳು

ಮಾನ್ಯರೇ,

ನಾವು ಕೇಳುತ್ತಿರುವುದು ದೊಡ್ಡ ಮೊತ್ತವೇನಲ್ಲ. ಒಂದು ಎಂ.ಎ. ಕಿರುಪ್ರಬಂಧಕ್ಕೆ ಹದಿನೈದು ಸಾವಿರ, ಒಂದು ಪಿಎಚ್.ಡಿ. ಕ್ಷೇತ್ರಕಾರ್ಯಕ್ಕೆ ಅರವತ್ತು ಸಾವಿರ. ಇಷ್ಟು ಹಣ ಸಕಾಲಕ್ಕೆ ಕೈಗೆ ಸಿಗದೆ, ನಮ್ಮ ಮೂರು ತಾಲ್ಲೂಕುಗಳ ಬಗ್ಗೆ ಬರಬೇಕಾದ ಪ್ರಬಂಧಗಳು ಸಿನಾಪ್ಸಿಸ್ ಹಂತದಲ್ಲೇ ದಿಕ್ಕು ಬದಲಿಸುತ್ತಿವೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಟ್ರಾಮಿನ ಬಗ್ಗೆ ಬರೆಯುತ್ತೇನೆಂದು ಹೊರಟ ಹುಡುಗ, ಕೊನೆಗೆ ಲೈಬ್ರರಿಯಲ್ಲಿ ಸಿಗುವ ನಾಲ್ಕು ಕಾದಂಬರಿ ಮುಂದಿಟ್ಟುಕೊಂಡು ‘ಗ್ರಾಮೀಣ ಬದುಕಿನ ಚಿತ್ರಣ’ ಎಂದು ಬರೆದು ಮುಗಿಸುತ್ತಾನೆ. ಆ ವಿಷಯದಲ್ಲಿ ತಪ್ಪಿಲ್ಲ. ಆದರೆ ಅದನ್ನು ಆರಿಸಿದ್ದು ಅವನ ಜೇಬು.

ಫೆಲೋಶಿಪ್‌ಗಳು ಇವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. ಯುಜಿಸಿಯ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಕ್ಕವರ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ನೆಟ್‌ನಲ್ಲಿ ಬರೀ ಅರ್ಹತೆ ಪಡೆದವರಿಗೆ, ಕೆ-ಸೆಟ್ ಪಾಸಾದವರಿಗೆ ಅದು ಇಲ್ಲ. ನೆಟ್ ಇಲ್ಲದವರಿಗೆ ಯುಜಿಸಿ ಕೊಡುವ ತಿಂಗಳ 8,000 ರೂಪಾಯಿ ಕೇಂದ್ರೀಯ ವಿಶ್ವವಿದ್ಯಾಲಯಗಳವರಿಗೆ ಮಾತ್ರ. 2015ರ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಲು ಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಯುಜಿಸಿ ಕಚೇರಿಯೆದುರು ಕೂರಬೇಕಾಯಿತು. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ 2022ರ ಕೊನೆಗೆ ನಿಂತಿತು. ಜೆಆರ್‌ಎಫ್ ಇದ್ದವರಿಗೂ ಕಂಟಿಂಜೆನ್ಸಿ ಎಂದು ಮೊದಲ ಎರಡು ವರ್ಷ ವಿಜ್ಞಾನದವರಿಗೆ 12,000, ನಮ್ಮವರಿಗೆ 10,000. ಅವರಿಗೆ ರಾಸಾಯನಿಕ ಬೇಕು, ನಿಮಗೇನು, ಪೆನ್ನು ಕಾಗದ ಸಾಕಲ್ಲ ಎಂಬ ಎಣಿಕೆ ಇರಬೇಕು. ಕೆರೆಕಟ್ಟೆ ಕಡೆಯ ಒಂಟಿ ಮನೆಗೆ ಹೋಗಿ ಬರುವ ಜೀಪಿನ ಬಾಡಿಗೆ ಆ ಎಣಿಕೆಯಲ್ಲಿ ಸೇರಿಲ್ಲ.

2023ರ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂದಾಗ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಮಾತು ಕೇಳಿದೆವು. ಮಾನವಿಕ ಶಾಸ್ತ್ರಗಳಿಗೆ ಅಲ್ಲಿ ಜಾಗವಿರುವುದು ವಿಜ್ಞಾನ, ತಂತ್ರಜ್ಞಾನಕ್ಕೆ ತಾಗಿಕೊಂಡಿರುವ ಮಟ್ಟಿಗೆ. ನಮ್ಮ ರಾಜ್ಯದ ಕೆ-ಸ್ಟೆಪ್ಸ್ ಸಂಸ್ಥೆ ಕೊಡುವ ಪಿಎಚ್.ಡಿ. ಫೆಲೋಶಿಪ್ ವಿಜ್ಞಾನ ಮತ್ತು ಎಂಜಿನಿಯರಿಂಗ್‌ನವರಿಗೆ. ಬಾಳೆಹೊನ್ನೂರಿನ ಹತ್ತಿರ ಕಾಫಿ ಗಿಡದ ಮೇಲೆ 1925ರಿಂದ ಸಂಶೋಧನೆ ನಡೆಯುತ್ತಿದೆ. ನಡೆಯಲಿ, ನಮ್ಮಲ್ಲಿ ಅರ್ಧದಷ್ಟು ಜನರ ಮನೆಯ ಅನ್ನ ಆ ಗಿಡದ್ದು. ಆ ಗಿಡದ ಬುಡದಲ್ಲಿ ಮೂರು ತಲೆಮಾರು ಬಗ್ಗಿ ಕೆಲಸ ಮಾಡಿದವರು ಎಲ್ಲಿಂದ ಬಂದರು, ಲೈನ್ ಮನೆಯಲ್ಲಿ ಯಾವ ಭಾಷೆಯಲ್ಲಿ ಮಕ್ಕಳನ್ನು ಮಲಗಿಸಿದರು ಎಂದು ಕೇಳಿ ಬರೆಯುವವರಿಗೂ ಬಸ್ ಚಾರ್ಜು ಬೇಕು.

ಇನ್ನೊಂದು ಮಾತು. ಶೃಂಗೇರಿಯ ಜನರ ಮಾತುಕತೆ, ಕಥೆ, ಆಚಾರಗಳ ಮೇಲೆ ಒಂದು ಮುಖ್ಯ ಪುಸ್ತಕ ಇದೆ. ಲೀಲಾ ಪ್ರಸಾದ್ ಅವರದು. 2007ರಲ್ಲಿ ಕೊಲಂಬಿಯಾ ಯೂನಿವರ್ಸಿಟಿ ಪ್ರೆಸ್ ಅದನ್ನು ಹೊರತಂದಿತು. ಒಳ್ಳೆಯ ಪುಸ್ತಕ, ಊರಿನ ಜೊತೆ ಒಡನಾಡಿ ಬರೆದದ್ದು, ಇಂಗ್ಲಿಷಿನಲ್ಲಿದೆ. ಅಮೆರಿಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ನಮ್ಮ ಸೀಮೆಗೆ ಬಂದು ತಿಂಗಳುಗಟ್ಟಲೆ ಇರಲು ಅನುದಾನ ಸಿಗುವ ವ್ಯವಸ್ಥೆ ಇದೆ. ಶೃಂಗೇರಿಯವಳಿಗೆ ಶೃಂಗೇರಿ ತಾಲ್ಲೂಕಿನೊಳಗೆ ಓಡಾಡಲು ಅಂಥದ್ದಿಲ್ಲ. ಯಾರ ಮೇಲೂ ದೂರಿಲ್ಲ. ಇಲ್ಲಿಯೂ ಮಾಡಿ ಎಂದಷ್ಟೇ ನಮ್ಮ ಕೇಳಿಕೆ.

ನಮ್ಮ ಹಕ್ಕೊತ್ತಾಯಗಳು:

1. ಕಿರು ಸಂಶೋಧನಾ ಅನುದಾನವನ್ನು ಮುಂಗಡವಾಗಿ ಕೊಡಬೇಕು.

ಮೂರು ತಾಲ್ಲೂಕುಗಳಿಗೆ ಸೇರಿ ವರ್ಷಕ್ಕೆ 40 ಎಂ.ಎ. ಕಿರುಪ್ರಬಂಧಗಳಿಗೆ ತಲಾ 15,000 ರೂಪಾಯಿ, 10 ಪಿಎಚ್.ಡಿ. ವಿದ್ಯಾರ್ಥಿಗಳಿಗೆ ತಲಾ 60,000 ರೂಪಾಯಿ. ಒಟ್ಟು 12 ಲಕ್ಷ. ನಮ್ಮ ರಾಜ್ಯದಲ್ಲಿ ಒಬ್ಬ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಇದು ಅದರ ನೂರಕ್ಕೆ ಆರು ಪಾಲು. ಆ ನಿಧಿಯಿಂದಲೇ ಕೊಡಿ ಎನ್ನುತ್ತಿಲ್ಲ, ಅದರ ನಿಯಮ ಬೇರೆ. ಮೊತ್ತದ ಗಾತ್ರ ಕಣ್ಣಿಗೆ ಕಟ್ಟಲಿ ಎಂದು ಹೇಳಿದೆವು.

ಹದಿನೈದು ಸಾವಿರವನ್ನು ನಾವು ಹೀಗೆ ಹಂಚಿದ್ದೇವೆ: ಓಡಾಟಕ್ಕೆ 5,000, ಜೆರಾಕ್ಸ್, ಸ್ಕ್ಯಾನ್, ಡಿಟಿಪಿ, ಬೈಂಡಿಂಗ್‌ಗೆ 3,500, ಹೊರಗಿನ ಊರಿನಲ್ಲಿ ಉಳಿಯುವ ದಿನಗಳ ಊಟ, ವಸತಿಗೆ 3,500, ಮಾಹಿತಿ ಕೊಟ್ಟವರ ಗೌರವಧನಕ್ಕೆ 3,000. ಹುಡುಗಿಯರಿಗೆ ಬಸ್ಸು ಉಚಿತವಲ್ಲವೇ ಎಂಬ ಪ್ರಶ್ನೆ ಬರುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ಜಯಪುರದಿಂದ ಒಳಗೆ, ಬೇಗಾರಿನಿಂದ ಒಳಗೆ ಹೋಗುವವರಿಗೆ ಸಿಗುವುದು ಬಹುಪಾಲು ಖಾಸಗಿ ಬಸ್ಸು, ಅದೂ ತಪ್ಪಿದರೆ ಆಟೋ, ಜೀಪು, ಇಲ್ಲವೇ ಕಾಲುದಾರಿ.

ಮುಂಗಡ ಎಂದರೆ ಮುಂಗಡ. ಮೊದಲು ಖರ್ಚು ಮಾಡಿ, ಬಿಲ್ ಕೊಡಿ, ಪರಿಶೀಲಿಸಿ ಮರುಪಾವತಿಸುತ್ತೇವೆ ಎಂಬ ಪದ್ಧತಿಯಲ್ಲಿ, ಮನೆಯಲ್ಲಿ ದುಡ್ಡಿರುವವರು ಮಾತ್ರ ಸಂಶೋಧನೆ ಮಾಡುತ್ತಾರೆ. ಶೇಕಡಾ 80 ಮೊದಲೇ ಕೊಡಿ. ಉಳಿದ 20 ಪ್ರಬಂಧ ಒಪ್ಪಿಸಿದ ದಿನ.

2. ಹಣ ಅಕ್ಟೋಬರ್ 1ರೊಳಗೆ ಖಾತೆಗೆ ಬರಬೇಕು.

ಇದು ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇವೆ.

ಸರ್ಕಾರದ ಹಣ ಮಾರ್ಚ್‌ನಲ್ಲಿ ಬಿಡುಗಡೆಯಾಗುತ್ತದೆ, ಮಾರ್ಚ್‌ನಲ್ಲೇ ಬಳಕೆ ಪ್ರಮಾಣಪತ್ರ ಕೇಳುತ್ತಾರೆ. ಮಲೆನಾಡಿನ ಲೆಕ್ಕ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕಾಲುಸಂಕ ಮುಳುಗಿದರೆ ಆಚೆ ದಡದವರು ಆಚೆಗೇ. ಕರೆಂಟ್ ಹೋದರೆ ಮರ ಬಿದ್ದ ಕಡೆ ಲೈನ್‌ಮನ್ ತಲುಪುವವರೆಗೆ ಮೊಬೈಲೂ ಇಲ್ಲ, ರೆಕಾರ್ಡರೂ ಇಲ್ಲ. ಕ್ಷೇತ್ರಕಾರ್ಯ ಶುರುವಾಗುವುದು ಮಳೆ ಹಿಂದಾದ ಮೇಲೆ, ದೀಪಾವಳಿಯ ಹೊತ್ತಿಗೆ.

ಅಂಟಿಗೆ ಪಂಟಿಗೆಯವರು ಹೊರಡುವುದೂ ದೀಪಾವಳಿಯ ಆ ಕೆಲವೇ ರಾತ್ರಿಗಳಲ್ಲಿ. ತಂಡ ಬಾಗಿಲಿಗೆ ಬಂದು ನಿಂತು ಹಾಡುತ್ತದೆ. ಮನೆಯಾಕೆ ಅವರ ದೀಪಕ್ಕೆ ಎಣ್ಣೆ ಎರೆಯುತ್ತಾಳೆ, ಮೊರದಲ್ಲಿ ಅಕ್ಕಿ, ಕಾಯಿ, ಕೈಲಾದಷ್ಟು ದುಡ್ಡು ಇಡುತ್ತಾಳೆ. ದೀಪ ಆರದಂತೆ ಅಂಗೈ ಅಡ್ಡ ಹಿಡಿದುಕೊಂಡು ಮುಂದಿನ ಮನೆಯ ಕಡೆ ಗದ್ದೆ ಬದು ಹಿಡಿಯುತ್ತಾರೆ. ಹಾಡು ಕತ್ತಲೆಯಲ್ಲಿ, ನಡಿಗೆಯಲ್ಲಿ, ಬಾಗಿಲು ತೆಗೆಯುವ ಮನೆಯವರ ಜೊತೆ ಇರುವಂಥದ್ದು. ಅದೇ ಜನರನ್ನು ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಕೂರಿಸಿ ‘ಒಂದು ಸಲ ಹಾಡಿ’ ಎಂದರೆ, ಬೇಡ ಎನ್ನಲಾರದೆ ಎರಡು ಸೊಲ್ಲು ಹೇಳಿ ಕಾಫಿ ಕೊಟ್ಟು ಕಳಿಸುತ್ತಾರೆ. ಮಾರ್ಚ್‌ನಲ್ಲಿ ಬಂದ ಅನುದಾನದಿಂದ ಆಗುವ ಸಂಗ್ರಹ ಈ ಎರಡು ಸೊಲ್ಲಿನದು.

ಆಮೇಲೆ ಅಡಿಕೆ ಕೊಯ್ಲು. ಹಗಲು ಯಾರೂ ಮಾತಿಗೆ ಸಿಗುವುದಿಲ್ಲ. ನಾವೂ ಸಿಗುವುದಿಲ್ಲ, ನಮ್ಮ ಮನೆಯ ಕೊನೆ ಹೊರುವವರು ನಾವೇ. ಆದರೆ ಸಂಜೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುವಾಗ ಹಳೆಯ ಮಾತೆಲ್ಲ ಹೊರಗೆ ಬರುತ್ತದೆ. ಯಾವ ವರ್ಷ ಯಾರ ಗದ್ದೆ ಭದ್ರಾ ಹಿನ್ನೀರಿಗೆ ಹೋಯಿತು, ಯಾರ ಅಜ್ಜ ಘಟ್ಟದ ಕೆಳಗಿಂದ ಬರಿಗಾಲಲ್ಲಿ ಬಂದ, ಭೂಸುಧಾರಣೆಯ ಡಿಕ್ಲರೇಷನ್ ಕಾಲದಲ್ಲಿ ಗೇಣಿ ಒಡೆಯರು ಏನಂದರು, ಎಲ್ಲ. ಸುಲಿಯುವ ಯಂತ್ರ ಬಂದ ಅಂಗಳಗಳಲ್ಲಿ ಆ ಕೂಟ ಈಗಾಗಲೇ ಇಲ್ಲ. ಯಂತ್ರದ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಉಳಿದಿರುವ ಮನೆಗಳಿಗೆ ನಾವು ಹೋಗಬೇಕಾದದ್ದು ನವೆಂಬರ್‌ನಿಂದ ಫೆಬ್ರವರಿಯೊಳಗೆ.

ಆದ್ದರಿಂದ ಜೂನ್‌ನಲ್ಲಿ ಅರ್ಜಿ, ಆಗಸ್ಟ್‌ನಲ್ಲಿ ಆಯ್ಕೆ, ಅಕ್ಟೋಬರ್ 1ಕ್ಕೆ ಹಣ. ಹಣಕಾಸು ವರ್ಷ ಮುಗಿಯಿತೆಂದು ಉಳಿಕೆಯನ್ನು ವಾಪಸ್ ಕೇಳಬಾರದು. ಮೇ ಕೊನೆಯವರೆಗೆ ಖರ್ಚು ಮಾಡಲು ಅವಕಾಶ ಬೇಕು.

3. ಬಿಲ್ಲಿಲ್ಲದ ಖರ್ಚನ್ನು ಒಪ್ಪಬೇಕು. ಮಾಹಿತಿ ಕೊಟ್ಟವರಿಗೆ ಗೌರವಧನ ಕೊಡಲು ಬಿಡಬೇಕು.

ನಮ್ಮಲ್ಲೊಬ್ಬಳು ಹಿಂದೆ ಒಂದು ಕಡೆಯಿಂದ ಸಣ್ಣ ನೆರವು ಪಡೆದು ಸೋಬಾನೆ ಪದಗಳನ್ನು ಸಂಗ್ರಹಿಸಿದಳು. ಲೆಕ್ಕ ಒಪ್ಪಿಸುವಾಗ ಆ ಕಚೇರಿಯವರು ಹಾಡು ಹೇಳಿದ ಅಜ್ಜಿಗೆ ಕೊಟ್ಟ ಐನೂರು ರೂಪಾಯಿಗೆ ಜಿಎಸ್‌ಟಿ ಬಿಲ್ ಕೇಳಿದರು. ನಕ್ಕು ಬಿಡಬಹುದಾದ ಮಾತು, ಆದರೆ ಆ ಐನೂರು ಅವಳ ಕೈಯಿಂದಲೇ ಹೋಯಿತು. ಬಾಡಿಗೆ ಜೀಪಿನವರು ರಸೀದಿ ಪುಸ್ತಕ ಇಟ್ಟುಕೊಂಡಿರುವುದಿಲ್ಲ. ನಾವು ಉಳಿದುಕೊಂಡ ಮನೆಯವರು ಊಟಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಅವರ ಮಕ್ಕಳಿಗೆ ಬಿಸ್ಕತ್ತು, ಅಜ್ಜನಿಗೆ ಎಲೆ ಅಡಿಕೆ ಒಯ್ಯುತ್ತೇವೆ. ಅದು ಯಾವ ಲೆಕ್ಕಶೀರ್ಷಿಕೆಗೆ ಸೇರುತ್ತದೆ ನೀವೇ ಹೇಳಿ.

ಒಂದು ಸಲಕ್ಕೆ 1,000 ರೂಪಾಯಿವರೆಗಿನ ಖರ್ಚಿಗೆ ವಿದ್ಯಾರ್ಥಿ ಕನ್ನಡದಲ್ಲಿ ಬರೆದು ಸಹಿ ಮಾಡಿದ, ಪಡೆದವರ ಸಹಿ ಅಥವಾ ಹೆಬ್ಬೆಟ್ಟು ಇರುವ ಚೀಟಿ ಸಾಕು ಎಂದು ಆದೇಶವಾಗಲಿ. ಕೂಲಿ ಬಿಟ್ಟು ಕೂತು ಮಾತಾಡಿದವರಿಗೆ ಆ ದಿನದ ಕೂಲಿಗಿಂತ ಕಡಿಮೆ ಕೊಡಬಾರದು ಎಂಬುದೂ ಅದೇ ಆದೇಶದಲ್ಲಿ ಇರಲಿ. ಅರ್ಧ ದಿನ ಹಾಡಿಸಿಕೊಂಡು, ಫೋಟೋ ತೆಗೆದು, ಥ್ಯಾಂಕ್ಸ್ ಹೇಳಿ ಬರುವ ಸಂಶೋಧನೆ ನಮಗೆ ಬೇಡ.

4. ಅರ್ಜಿ ಕನ್ನಡದಲ್ಲಿರಲಿ, ಎರಡು ಪುಟದಲ್ಲಿರಲಿ.

ಏನು ಕೆಲಸ, ಎಲ್ಲಿ, ಯಾರನ್ನು ನೋಡುತ್ತೇನೆ, ಎಷ್ಟು ಬೇಕು. ಇಷ್ಟು ಕೇಳಿ ಸಾಕು. ಕನ್ನಡ ಸಾಹಿತ್ಯದ ವಿದ್ಯಾರ್ಥಿ ಕನ್ನಡ ಜಾನಪದದ ಬಗ್ಗೆ ಇಂಗ್ಲಿಷಿನಲ್ಲಿ ‘ಮೆಥಡಾಲಜಿ’ ತುಂಬಿಸಲು ಯಾರನ್ನೋ ಹಿಡಿಯಬೇಕಾದ ಸ್ಥಿತಿ ತಪ್ಪಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಖಾಸಗಿ ಸಂಸ್ಥೆ ಕನ್ನಡದಲ್ಲಿ ಬರೆದ ಪ್ರಸ್ತಾವನೆ ತೆಗೆದುಕೊಳ್ಳುತ್ತದೆ. ಸರ್ಕಾರಕ್ಕೆ ಕಷ್ಟವಾಗಬಾರದು. ನೆಟ್, ಕೆ-ಸೆಟ್ ಇರಬೇಕೆಂಬ ಷರತ್ತು ಬೇಡ.

5. ನಮ್ಮ ಸೀಮೆಯ ವಿಷಯಗಳಿಗೆ ಆದ್ಯತೆ ಕೊಡಬೇಕು. ಬೇರೆ ವಿಷಯಕ್ಕೆ ಬಾಗಿಲು ಹಾಕಬಾರದು.

ಯಾರಾದರೂ ಪಂಪನ ಮೇಲೋ ಫ್ರೆಂಚ್ ಸಿನಿಮಾದ ಮೇಲೋ ಬರೆಯಲಿ, ಅವರ ಇಷ್ಟ. ಆದರೆ ಇಲ್ಲೇ ಇದ್ದು ಮಾಡಬೇಕಾದ, ತಡ ಮಾಡಿದರೆ ಆಗದ ಕೆಲಸಗಳು ಕೆಲವಿವೆ. ಅವನ್ನು ಹೆಸರಿಸುತ್ತೇವೆ.

ಶೃಂಗೇರಿಯ ಕಡತಗಳು. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದ ಬಿಳಿ ಅಕ್ಷರ. ಜಮಾ, ಖರ್ಚು, ಉಂಬಳಿ, ಉತ್ತಾರ. ಒರೆಸಿದರೆ ಹೋಗುವ ಬರಹ ಇಷ್ಟು ಕಾಲ ಉಳಿದದ್ದೇ ಹೆಚ್ಚು. ಹೈದರ್, ಟಿಪ್ಪು ಶೃಂಗೇರಿ ಮಠಕ್ಕೆ ಬರೆಸಿದ ಕನ್ನಡದ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಹೊರಗೆ ತಂದರು. 1791ರ ಮರಾಠಾ ದಾಳಿಯ ನಂತರ ಶೃಂಗೇರಿಯಲ್ಲಿ ಏನೇನಾಯಿತು ಎಂದು ತಿಳಿಯಲು ದೇಶದ ಇತಿಹಾಸಕಾರರೆಲ್ಲ ಇಂದಿಗೂ ಆ ಪತ್ರಗಳನ್ನೇ ನೋಡುತ್ತಾರೆ. ಎ.ಕೆ. ಶಾಸ್ತ್ರಿಯವರು ಮಠದ ದಾಖಲೆಗಳನ್ನು ಓದಿ ಶೃಂಗೇರಿಯ ಇತಿಹಾಸ ಬರೆದರು, ದಾಖಲೆಗಳನ್ನೂ ಪ್ರಕಟಿಸಿದರು. ನರಸಿಂಹಾಚಾರ್ಯರಿಗೆ ಸರ್ಕಾರಿ ಹುದ್ದೆ ಇತ್ತು. ಈಗ ಆ ಹಳೆಯ ಕೈಬರಹ ಓದಲು ಕಲಿಯುವ ವಿದ್ಯಾರ್ಥಿಗೆ ಆರು ತಿಂಗಳ ಊಟದ ಖರ್ಚನ್ನಾದರೂ ಯಾರಾದರೂ ಕೊಡಬೇಕಲ್ಲ.

ಶಾಸನಗಳು. ಬಿ.ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟ ತಂದರು. ಆಗ ನಮ್ಮ ಜಿಲ್ಲೆಯ ಹೆಸರು ಕಡೂರು. ಅದರಲ್ಲಿ ಹೆಸರಿಸಿದ ಊರುಗಳಿಗೆ ಹೋಗಿ ಯಾವ ಕಲ್ಲು ಇದ್ದಲ್ಲೇ ಇದೆ, ಯಾವುದು ತೋಟದ ಬೇಲಿ ಸೇರಿದೆ, ಯಾವುದು ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಸಿಮೆಂಟಿನ ಒಳಗೆ ಹೋಗಿದೆ ಎಂದು ಬರೆದು, ಅಳೆದು, ಫೋಟೋ ಸಹಿತ ಇಟ್ಟರೆ ಒಂದು ಎಂ.ಎ. ಪ್ರಬಂಧಕ್ಕೆ ಧಾರಾಳವಾಯಿತು. ಹೊಸ ಸಿದ್ಧಾಂತ ಬೇಕಿಲ್ಲ. ಗಟ್ಟಿ ಚಪ್ಪಲಿ, ಇಂಬಳ ತಡೆಯಲು ಸ್ವಲ್ಪ ಸುಣ್ಣ, ಬಸ್ಸಿನ ದುಡ್ಡು ಸಾಕು.

ಸಹಕಾರ ಸಾರಿಗೆ. ಖಾಸಗಿ ಬಸ್ ಕಂಪನಿ ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಮಾಲೀಕರು. ನಾವು ಅದರ ರಿಯಾಯಿತಿ ಪಾಸಿನಲ್ಲಿ ಶಾಲೆ, ಕಾಲೇಜಿಗೆ ಹೋದವರು. 2020ರಲ್ಲಿ ಬಸ್ಸುಗಳು ನಿಂತವು. ಕಾರ್ಮಿಕರು ಕಟ್ಟಿ, ಮೂರು ದಶಕದ ಹತ್ತಿರ ನಡೆಸಿದ ಈ ಪ್ರಯೋಗದ ಬಗ್ಗೆ ಹೊರಗಿನ ಪತ್ರಿಕೆಯವರು ಬಂದು ಬರೆದು ಹೋದರು. ಅದರ ಸಭಾ ನಡಾವಳಿ, ಲೆಕ್ಕಪುಸ್ತಕ, ಟ್ರಿಪ್ ಶೀಟುಗಳನ್ನು ಕೂತು ಓದಿ, ನಿವೃತ್ತರ ಮಾತು ಕೇಳಿ ಅರ್ಥಶಾಸ್ತ್ರದವರು, ಸಮಾಜಶಾಸ್ತ್ರದವರು ಬರೆಯಬೇಕು. ಏಕೆ ಗೆದ್ದಿತು, ಏಕೆ ನಿಂತಿತು, ಎರಡೂ. ಡೀಸೆಲ್ ದರ ಒಂದರ ಮೇಲೆ ಎಲ್ಲವನ್ನೂ ಹಾಕಿ ಮುಗಿಸುವ ವಿವರಣೆ ನಮಗಂತೂ ಸಾಲುವುದಿಲ್ಲ.

ಟ್ರಾಮ್ ಮತ್ತು ಮುಳುಗಡೆ. ತರೀಕೆರೆ-ನರಸಿಂಹರಾಜಪುರ ಟ್ರಾಮ್‌ನಲ್ಲಿ ಕೂತವರು, ಭದ್ರಾ ನೀರು ಏರಿದಾಗ ಗಂಟುಮೂಟೆ ಕಟ್ಟಿದವರು ಇನ್ನು ಎಷ್ಟು ವರ್ಷ ಸಿಗುತ್ತಾರೆ?

ಭಾಷೆಗಳು. ಮೂರು ತಾಲ್ಲೂಕಿನಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ, ತಮಿಳು, ಉರ್ದು ಇವೆ. ನರಸಿಂಹರಾಜಪುರದ ಕಡೆ ರಬ್ಬರ್ ತೋಟಗಳ ಜೊತೆ ಮಲಯಾಳಂ ಬಂದಿದೆ. ಹಸಲರು, ಗೌಡಲು, ಮಲೆಕುಡಿಯರ ಮಾತು, ಹಾಡು, ಕಾಡಿನ ತಿಳಿವಳಿಕೆಯನ್ನು ಆ ಸಮುದಾಯದ ಮಕ್ಕಳೇ ದಾಖಲಿಸುವಂತಾಗಬೇಕು. ಈ ವಿಷಯಕ್ಕೆ ವರ್ಷಕ್ಕೆ ಕನಿಷ್ಠ ಐದು ಅನುದಾನಗಳನ್ನು ಆ ಸಮುದಾಯಗಳ ವಿದ್ಯಾರ್ಥಿಗಳಿಗೇ ಮೀಸಲಿಡಿ.

ಹಳದಿ ಎಲೆ ರೋಗ. ರೋಗಾಣುವಿನ ಬಗ್ಗೆ ವಿಜ್ಞಾನಿಗಳು ಬರೆದಿದ್ದಾರೆ, ಬರೆಯುತ್ತಿದ್ದಾರೆ. ತೋಟ ಹಳದಿಯಾದ ಮೇಲೆ ಶೃಂಗೇರಿ, ಕೊಪ್ಪದ ಮನೆಗಳಲ್ಲಿ ಮದುವೆ ನಿಂತದ್ದು, ಮಕ್ಕಳು ಬೆಂಗಳೂರಿಗೆ ಹೋದದ್ದು, ದೊಡ್ಡ ಮನೆಗಳಲ್ಲಿ ಇಬ್ಬರೇ ವಯಸ್ಸಾದವರು ಉಳಿದದ್ದು, ಇವನ್ನು ಬರೆಯಬೇಕಾದವರು ನಾವು.

6. ದಾಖಲೆಗಳನ್ನು ನೋಡಲು ಅವಕಾಶ ಕೊಡಬೇಕು.

ದುಡ್ಡು ಕೊಟ್ಟು ಬಾಗಿಲು ತೆಗೆಯದಿದ್ದರೆ ಏನು ಪ್ರಯೋಜನ? ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಸೆಟ್ಲ್‌ಮೆಂಟ್ ಕಡತ, ಇನಾಂ ಕಡತ, ಭೂನ್ಯಾಯ ಮಂಡಳಿಯ ತೀರ್ಪುಗಳನ್ನು ಸಂಶೋಧನಾ ವಿದ್ಯಾರ್ಥಿ ನೋಡಬಹುದು ಎಂದು ಜಿಲ್ಲಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಲಿ. ವಾರದಲ್ಲಿ ಒಂದು ದಿನ, ಒಂದು ಮೇಜು, ಎರಡು ಕುರ್ಚಿ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆಯಲು ಅನುಮತಿ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರಕ್ಕೆ ನಮ್ಮ ಅರ್ಧ ಅನುದಾನ ಬಸ್ಸಿಗೇ ಹೋಗುತ್ತದೆ. ಮಠಗಳು, ಬಸದಿಗಳು, ಸಹಕಾರ ಸಂಘಗಳು, ಹಳೆಯ ಎಸ್ಟೇಟುಗಳು ತಮ್ಮ ದಾಖಲೆ ತೋರಿಸಲಿ ಎಂದು ವಿನಂತಿಸುತ್ತೇವೆ. ಇಲ್ಲಿ ಒತ್ತಾಯವಿಲ್ಲ, ವಿನಂತಿ. ವಿಶ್ವವಿದ್ಯಾಲಯದ ಪರಿಚಯಪತ್ರ ಅರ್ಜಿ ಕೊಟ್ಟ ಒಂದು ವಾರದೊಳಗೆ ನಮ್ಮ ಕೈಯಲ್ಲಿರಬೇಕು; ಇದು ಒತ್ತಾಯ.

7. ಆಯ್ಕೆ ಬಹಿರಂಗವಾಗಿರಬೇಕು.

ಎಚ್.ಜಿ. ಗೋವಿಂದೇಗೌಡರು ಇದೇ ಕ್ಷೇತ್ರದ ಶಾಸಕರಾಗಿದ್ದವರು. 1990ರ ದಶಕದಲ್ಲಿ ಶಿಕ್ಷಣ ಸಚಿವರಾಗಿ ಶಿಕ್ಷಕರ ನೇಮಕಾತಿಯನ್ನು ಅಂಕದ ಆಧಾರದ ಮೇಲೆ ನಡೆಸಿದರು. ಶಿಫಾರಸು ಹಿಡಿದು ಹೋದವರು ಬರಿಗೈಲಿ ವಾಪಸಾದ ಕಥೆ ಕೊಪ್ಪದ ಹೋಟೆಲುಗಳಲ್ಲಿ ಈಗಲೂ ನಡೆಯುತ್ತದೆ. ನಮಗೆ ಆ ಪದ್ಧತಿಯೇ ಬೇಕು. ಐವರ ಸಮಿತಿ: ಇಬ್ಬರು ವಿಶ್ವವಿದ್ಯಾಲಯದ ಅಧ್ಯಾಪಕರು, ಇಬ್ಬರು ಸ್ಥಳೀಯ ಪದವಿ ಕಾಲೇಜುಗಳವರು, ಒಬ್ಬರು ಹೊರ ಜಿಲ್ಲೆಯವರು. ಕನಿಷ್ಠ ಇಬ್ಬರು ಮಹಿಳೆಯರು. ತಮ್ಮ ಮಾರ್ಗದರ್ಶನದ ವಿದ್ಯಾರ್ಥಿಯ ಅರ್ಜಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು. ಪ್ರತಿ ಅರ್ಜಿಗೆ ಕೊಟ್ಟ ಅಂಕ, ತಿರಸ್ಕಾರಕ್ಕೆ ಎರಡು ಸಾಲಿನ ಕಾರಣ ನೋಟಿಸ್ ಬೋರ್ಡಿಗೆ ಬರಬೇಕು. ರಾಜಕಾರಣಿಗಳು ಸಮಿತಿಯಲ್ಲಿ ಬೇಡ. ಪ್ರಮಾಣಪತ್ರ ಹಂಚುವ ದಿನ ಬರಲಿ, ಸ್ವಾಗತ.

8. ಅರೆಕಾಲಿಕ ಸಂಶೋಧಕರು, ಅತಿಥಿ ಉಪನ್ಯಾಸಕರು, ಮದುವೆಯಾಗಿ ಓದು ಮುಂದುವರಿಸಿದ ಹೆಣ್ಣುಮಕ್ಕಳು ಅರ್ಹರಾಗಿರಬೇಕು.

ವಯಸ್ಸಿನ ಮಿತಿ ಬೇಡ. ಚಿಕ್ಕ ಮಗುವನ್ನು ಕರೆದುಕೊಂಡು ಕ್ಷೇತ್ರಕಾರ್ಯಕ್ಕೆ ಹೋಗುವ ತಾಯಿಗೆ, ಒಂಟಿಯಾಗಿ ದೂರದ ಊರಿಗೆ ಹೋಗುವ ಹುಡುಗಿಗೆ ಜೊತೆಗಾರರೊಬ್ಬರ ಓಡಾಟದ ಖರ್ಚನ್ನೂ ಕೊಡಬೇಕು.

9. ಸಂಗ್ರಹಿಸಿದ್ದು ಊರಿಗೆ ವಾಪಸ್ ಬರಬೇಕು.

ಈ ಒತ್ತಾಯ ನಮ್ಮ ಮೇಲೆ ನಾವೇ ಹಾಕಿಕೊಳ್ಳುವಂಥದ್ದು. ಅನುದಾನ ಪಡೆದ ಪ್ರತಿ ಪ್ರಬಂಧದ ಒಂದು ಪ್ರತಿ ಆಯಾ ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡುತ್ತೇವೆ. ಹಾಡಿದವರ, ಮಾತಾಡಿದವರ ಮನೆಗೆ ಅವರ ಧ್ವನಿಮುದ್ರಣವನ್ನು ಪೆನ್‌ಡ್ರೈವ್‌ನಲ್ಲೋ ಮೊಬೈಲಿಗೋ ಹಾಕಿ ತಲುಪಿಸುತ್ತೇವೆ. ಹೆಸರು ಬೇಡ ಎಂದವರ ಹೆಸರು ಬರೆಯುವುದಿಲ್ಲ. ಇದನ್ನು ಹೊರಗೆ ಹೇಳಬೇಡಿ ಎಂದ ಮಾತನ್ನು ಬರೆಯುವುದಿಲ್ಲ. ವರ್ಷಕ್ಕೊಮ್ಮೆ ಹಿರೇಕೊಡಿಗೆಯಲ್ಲಿ, ಕುವೆಂಪು ಹುಟ್ಟಿದ ಊರಿನಲ್ಲಿ, ಡಿಸೆಂಬರ್ 29ರಂದು ನಮ್ಮ ಕೆಲಸವನ್ನು ಊರವರ ಮುಂದೆ ಓದುತ್ತೇವೆ. ತಪ್ಪಿದ್ದರೆ ಅಲ್ಲೇ ಹೇಳಲಿ. ಕೊಪ್ಪ ತಾಲ್ಲೂಕಿನ ಹಿರಿಯರು ಯಾವ ಗೈಡಿಗೂ ಕಡಿಮೆಯಿಲ್ಲದಷ್ಟು ಪ್ರಶ್ನೆ ಕೇಳಬಲ್ಲರು. ಮೈಕು, ಶಾಮಿಯಾನ, ಮಧ್ಯಾಹ್ನದ ಊಟದ ಖರ್ಚು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು.

10. ಹಣ ಎಲ್ಲಿಂದ?

ಅರ್ಧ, ಅಂದರೆ 6 ಲಕ್ಷ, ರಾಜ್ಯ ಬಜೆಟ್ಟಿನಲ್ಲಿ ಉನ್ನತ ಶಿಕ್ಷಣ ಇಲಾಖೆಯ ಪ್ರತ್ಯೇಕ ಲೆಕ್ಕಶೀರ್ಷಿಕೆಯಿಂದ. ಪ್ರತ್ಯೇಕ ಏಕೆಂದರೆ, ಇತರೆ ವೆಚ್ಚದಲ್ಲಿ ಸೇರಿಸಿದ್ದು ಇತರೆಯವರಿಗೇ ಹೋಗುತ್ತದೆ. ನಾಲ್ಕನೇ ಒಂದು ಪಾಲು ವಿಶ್ವವಿದ್ಯಾಲಯದ ಸ್ವಂತ ಆದಾಯದಿಂದ: ಪರೀಕ್ಷೆ, ನೋಂದಣಿ, ಪ್ರಬಂಧ ಸಲ್ಲಿಕೆ ಎಂದು ನಾವು ಕಟ್ಟುವ ಶುಲ್ಕದ ಒಂದಂಶ ನಮಗೇ ಬರಲಿ.

ಉಳಿದ 3 ಲಕ್ಷಕ್ಕೆ ನಮ್ಮ ಸಹಕಾರ ಸಂಘಗಳನ್ನು ಕೇಳುತ್ತೇವೆ. ಅಡಿಕೆ ಮಾರಾಟದ ಮ್ಯಾಮ್‌ಕೋಸ್ ಇದೆ, ಕೃಷಿ ಪತ್ತಿನ ಸಂಘಗಳಿವೆ, ಪಟ್ಟಣ ಬ್ಯಾಂಕುಗಳಿವೆ. ವಾರ್ಷಿಕ ಮಹಾಸಭೆಯ ದಿನ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಅಂಕ ತೆಗೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವ ರೂಢಿ ಇದೆ. ನಾವೂ ಆ ವೇದಿಕೆ ಹತ್ತಿ ಶಾಲು, ಹಾರ, ಗಾಜಿನ ಫಲಕ ತೆಗೆದುಕೊಂಡವರೇ. ಫಲಕ ಇನ್ನೂ ಶೋಕೇಸಿನಲ್ಲಿದೆ. ಅದೇ ಮಗು ಆರು ವರ್ಷದ ನಂತರ ಎಂ.ಎ. ಓದುವಾಗ ಯಾರಿಗೂ ನೆನಪಿರುವುದಿಲ್ಲ. ಒಂದೊಂದು ಸಂಘ ವರ್ಷಕ್ಕೆ ಒಂದು ಕಿರುಪ್ರಬಂಧದ ಹೊಣೆ ಹೊತ್ತರೆ ಇಪ್ಪತ್ತು ಸಂಘಗಳಿಗೆ 3 ಲಕ್ಷ ಮುಗಿಯಿತು. ಪ್ರಬಂಧದ ಮೊದಲ ಪುಟದಲ್ಲಿ ಸಂಘದ ಹೆಸರು ಇರುತ್ತದೆ. ವಿಷಯ ಏನಿರಬೇಕು, ತೀರ್ಮಾನ ಏನಾಗಬೇಕು ಎಂದು ಸಂಘ ಹೇಳುವಂತಿಲ್ಲ. ಹಿರಿಯರ ನೆನಪಿಗೆ ದತ್ತಿ ಇಡಬಯಸುವ ಮನೆಗಳವರಿಗೂ ಇದೇ ಮಾತು.

11. ಈಗ ಮಂಜೂರಾಗಿರುವ ಪಿಎಚ್.ಡಿ. ಫೆಲೋಶಿಪ್‌ಗಳನ್ನು, ಯಾವ ಇಲಾಖೆಯದೇ ಆಗಲಿ, ತಿಂಗಳು ತಿಂಗಳು ಪಾವತಿಸಬೇಕು. ವರ್ಷದ ಬಾಕಿಯನ್ನು ಒಟ್ಟಿಗೆ ಕೊಡುವುದು ಉಪಕಾರವಲ್ಲ. ಹಾಸ್ಟೆಲ್ ಮೆಸ್ಸಿನವರು ವರ್ಷಕ್ಕೊಮ್ಮೆ ಬಿಲ್ ಕೇಳುವುದಿಲ್ಲ.

12. ಈ ಪತ್ರಕ್ಕೆ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು.

ಪರಿಶೀಲನೆಯಲ್ಲಿದೆ ಎಂಬುದನ್ನು ಉತ್ತರವೆಂದು ಎಣಿಸುವುದಿಲ್ಲ. ಯಾವ ಬೇಡಿಕೆಗೆ ಒಪ್ಪಿಗೆ, ಯಾವುದಕ್ಕೆ ಇಲ್ಲ, ಇಲ್ಲವಾದರೆ ಏಕೆ ಎಂದು ಸಂಖ್ಯೆ ಹಾಕಿ ಬರೆಯಿರಿ. ಕೊಡಲಾಗದ್ದನ್ನು ಕೊಡಲಾಗದು ಎಂದರೆ ನಮಗೆ ಬೇಸರವಿಲ್ಲ; ಬೇರೆ ದಾರಿ ಹುಡುಕಲು ಸಮಯವಾದರೂ ಉಳಿಯುತ್ತದೆ. ಉತ್ತರ ಬಾರದಿದ್ದರೆ ಮೂರೂ ತಾಲ್ಲೂಕು ಕಚೇರಿಗಳ ಎದುರು ಒಂದೊಂದು ದಿನ ಕೂರುತ್ತೇವೆ. ಘೋಷಣೆ ಕೂಗುವುದಿಲ್ಲ. ಹಣವಿಲ್ಲದೆ ನಾವು ಕೈಬಿಟ್ಟ ವಿಷಯಗಳ ಪಟ್ಟಿಯನ್ನು, ಊರಿನ ಹೆಸರು ಸಹಿತ, ದಾರಿಯಲ್ಲಿ ಹೋಗುವವರಿಗೆ ಕೇಳುವಂತೆ ಓದುತ್ತೇವೆ.

ಈ ಬೇಡಿಕೆಗಳನ್ನು ಒಪ್ಪುವ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಕೃಷಿಕರು, ತೋಟ ಕಾರ್ಮಿಕರು, ಯಾರೇ ಆಗಲಿ ಸಹಿ ಹಾಕಬಹುದು. ಸಹಿಯ ಜೊತೆಗೆ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಡತ, ಪತ್ರ, ಲೆಕ್ಕಪುಸ್ತಕ ಇದ್ದರೆ ದಯವಿಟ್ಟು ಈ ಮಳೆಗಾಲಕ್ಕೆ ಅದನ್ನು ಒಲೆಗೆ ಹಾಕಬೇಡಿ, ಗುಜರಿಗೂ ಕೊಡಬೇಡಿ. ನಮಗೆ ಹೇಳಿಕಳಿಸಿ, ಅನುದಾನ ಬಂದರೂ ಬಾರದಿದ್ದರೂ ಬಂದು ನೋಡುತ್ತೇವೆ.

ಇಂತಿ,
ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಲಾ ಮತ್ತು ಮಾನವಿಕ ವಿಭಾಗಗಳ ವಿದ್ಯಾರ್ಥಿಗಳು